ಬೇಗ ಹೊಡೆ ಬರುವ ಭತ್ತ

ಕೆ.ಆರ್.ಎಸ್. ಅಣೆಕಟ್ಟೆ ತುಂಬುವುದು ತಡವಾದ ವರ್ಷ ಮದ್ದೂರು, ಮಳವಳ್ಳಿಯ ನಾಲೆ ಕೊನೆ ಭಾಗದ ರೈತರು ಬೀಜ ಕೊಳ್ಳುವಾಗ ಮೊದಲು ಕೇಳುವುದು, ‘ಎಷ್ಟು ದಿನದ ತಳಿ?’ 115, 135, 145 ಎಂದು ಉತ್ತರ ಬರುತ್ತದೆ. ಈ ದಿನಗಳು ಕಡಿಮೆಯಾಗುವುದು ಎಲ್ಲಿ? ಹೂ ಬಿಟ್ಟ ಮೇಲೆ ಕಾಳು ಬಲಿಯಲು ಯಾವ ತಳಿಗಾದರೂ ಸುಮಾರು 30 ದಿನ ಬೇಕು. ಎಳೆ ತೆನೆ ದಂಟಿನೊಳಗೆ ಮೂಡಿ ಹೊರಬರಲು ಇನ್ನೊಂದು 30. ಇವೆರಡರಲ್ಲಿ ಹೆಚ್ಚು ಮಿಗಿಸಲಾಗದು. ಅಲ್ಪಾವಧಿ ತಳಿ ಮಿಗಿಸುವುದೆಲ್ಲ ಅದಕ್ಕೂ ಮುಂಚಿನ, ತೆಂಡೆ ಒಡೆಯುವ ಕಾಲದಲ್ಲಿ.

ಹೂವಿನ ಸೂಚನೆ ಹೊರಡುವುದು ಎಲೆಯಿಂದ. ಎಲೆಯಲ್ಲಿ ತಯಾರಾಗುವ ಒಂದು ಪ್ರೋಟೀನ್ ಕುಡಿಗೆ ಸಾಗಿ ತೆನೆ ಕಟ್ಟಿಸುತ್ತದೆಂದು ಜಪಾನಿನ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಹಳೆಯ ನಾಟಿ ತಳಿಗಳಲ್ಲಿ ಹಲವು, ಹಗಲು ಕಿರಿದಾಗುವವರೆಗೆ ಈ ಸೂಚನೆ ಕೊಡುವುದಿಲ್ಲ. ಹಗಲಿನ ಹಂಗಿಲ್ಲದ ಗುಣವನ್ನು ಸಂಕರದಿಂದ ತರಬೇಕು.

ಸಂಕರ ಕಣ್ಣು ನೋಯಿಸುವ ಕೆಲಸ. ಎರಡೂ ತಳಿ ಒಟ್ಟಿಗೆ ಹೂ ಬಿಡಲೆಂದು ಬೇಗ ಬರುವುದನ್ನು ತಡವಾಗಿ, ಕಂತು ಕಂತಾಗಿ ಬಿತ್ತುತ್ತಾರೆ. ತಾಯಿ ಗಿಡದ ತೆನೆ ಹೊರಬಂದ ಸಂಜೆ ಪ್ರತಿ ಹೂವಿನ ತುದಿ ಕತ್ತರಿಸಿ, ಒಳಗಿನ ಆರೂ ಪರಾಗಕೋಶಗಳನ್ನು ಚಿಮುಟದಿಂದ ತೆಗೆದು, ಬೆಣ್ಣೆ ಕಾಗದದ ಚೀಲ ತೊಡಿಸುತ್ತಾರೆ. ಮರುದಿನ ಹತ್ತು ಗಂಟೆ ಹೊತ್ತಿಗೆ ತಂದೆ ಗಿಡದ ಹೂವರಳಿದಾಗ ಆ ತೆನೆಯನ್ನು ಇದರ ಮೇಲೆ ಕೊಡವುತ್ತಾರೆ. ಎರಡನೇ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ. ಬೇಗ ಹೊಡೆ ಬಂದವಕ್ಕೆ ಗುರುತು ಕಟ್ಟಿ ಬೀಜ ಉಳಿಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ಮೊದಲು ಹೊಡೆ ಬಂದದ್ದೇ ಒಳ್ಳೆಯದೆಂದಲ್ಲ: ಅದರ ತೆಂಡೆ ಕಡಿಮೆ, ತೆನೆ ಗಿಡ್ಡ. ಬೇಗವೂ ಬಂದು ಕಾಳೂ ತುಂಬಿದ್ದನ್ನು ಆರೇಳು ಪೀಳಿಗೆ ಆರಿಸುತ್ತ ಹೋದರೆ ತಳಿ ಸ್ಥಿರವಾಗುತ್ತದೆ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಿಂದ 1996ರಲ್ಲಿ ಬಂದ ಕೆ.ಆರ್.ಎಚ್-2 ಹೀಗೆ ಸ್ಥಿರಗೊಂಡ ತಳಿಯಲ್ಲ, ಹೈಬ್ರಿಡ್. ಅದರ ಕಾಳನ್ನೇ ಮತ್ತೆ ಬಿತ್ತಿದರೆ ಒಂದೇ ಗದ್ದೆಯಲ್ಲಿ ಹಿಂದೆಮುಂದೆ ಹೊಡೆ ಬರುತ್ತದೆ. ಬೀಜ ಪ್ರತಿ ಸಲ ಕೊಳ್ಳಲೇಬೇಕು.

ಅಲ್ಪಾವಧಿ ತಳಿಗೆ ತೆಂಡೆ ಒಡೆಯುವ ದಿನಗಳೇ ಕಮ್ಮಿ ಎಂದ ಮೇಲೆ ಅವನ್ನು ಒಟ್ಲಲ್ಲೇ ಕಳೆಯಬಾರದು. 21ರಿಂದ 25 ದಿನದೊಳಗೆ ನಾಟಿ ಮುಗಿಯಲಿ. ನಾಲೆಗೆ ಸರದಿಯಂತೆ ಬಿಡುವ ನೀರಿನ ‘ಕಟ್ಟು’ ಯಾವಾಗೆಂದು ತಿಳಿಯದೆ ಒಟ್ಲು ಹಾಕಿ, ನಲವತ್ತು ದಿನದ ಪೈರು ನೆಟ್ಟು, ಬೀಜವನ್ನು ಬೈದು ಫಲವಿಲ್ಲ. ಹೂ ಬಿಡುವ ವಾರ ಮಾಗಿ ಚಳಿಗೆ ಸಿಕ್ಕಿದರೆ ಕಾಳು ಜೊಳ್ಳಾಗುವುದರಿಂದ, ಒಟ್ಲು ಹಾಕುವ ದಿನವನ್ನು ಹೂವಿನ ದಿನದಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಬೇಕು: ತಳಿಯ ಒಟ್ಟು ದಿನದಲ್ಲಿ 30 ಕಳೆದರೆ ಉಳಿಯುವುದೇ ಬಿತ್ತನೆಯಿಂದ ಹೂವಿನವರೆಗಿನ ಲೆಕ್ಕ.