ಹಿಮ ಬೀಳುವುದು, ಹಿಮ ಕುಸಿಯುವುದು

ಅಕ್ಕಿಹೆಬ್ಬಾಳಿನ ಬಳಿ ಹೇಮಾವತಿಯ ದಡದಲ್ಲಿ ಕುಳಿತಿದ್ದಾಗ ಜೊತೆಗಿದ್ದ ವಿದ್ಯಾರ್ಥಿಯೊಬ್ಬ ಕೇಳಿದ: "ಸಾರ್, ಹೇಮಾವತಿ ಎಂದರೆ ಹಿಮದಿಂದ ಹುಟ್ಟಿದವಳೆಂದೆ?"

"ಅಲ್ಲಪ್ಪ, ಹೇಮವೆಂದರೆ ಚಿನ್ನ. ಹಿಮವಂತನ ಮಗಳು ಹೈಮವತಿ, ಪಾರ್ವತಿ. ನಮ್ಮ ಈ ತಾಯಿ ಮಲೆನಾಡಿನ ಮಳೆಯ ಮಗಳು" ಎಂದೆ. ಅವನು ಅಷ್ಟಕ್ಕೇ ಬಿಡಲಿಲ್ಲ. "ಸಿಯಾಚಿನ್‌ನಲ್ಲಿ ನಮ್ಮ ಯೋಧರು ಹಿಮಪಾತದಲ್ಲಿ ಸತ್ತರು ಎಂದು ಓದಿದ್ದೇನೆ. ಆಕಾಶದಿಂದ ಬೀಳುವ ಹಿಮ ಆಳನ್ನು ಹೂಳುವಷ್ಟು ಒಮ್ಮೆಗೇ ಬೀಳುತ್ತದೆಯೆ?"

ಪ್ರಶ್ನೆ ಅವನದಾದರೂ ತಪ್ಪು ನಮ್ಮ ಮಾತಿನದು. ಆಕಾಶದಿಂದ ಹಿಮ ಸುರಿಯುವುದನ್ನೂ ಬೆಟ್ಟದ ಮೇಲಿಂದ ಹಿಮದ ರಾಶಿ ಕುಸಿಯುವುದನ್ನೂ ನಾವು 'ಹಿಮಪಾತ'ವೆಂದೇ ಕರೆದು ಬಂದಿದ್ದೇವೆ. ಮೊದಲನೆಯದು ಋತುಧರ್ಮ; ಎರಡನೆಯದು ಮೃತ್ಯು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಭಾರಿ ಗೋಡೆ ಕುಸಿದು ಮದರಾಸು ರೆಜಿಮೆಂಟಿನ ತುಕಡಿಯಲ್ಲಿದ್ದ 10 ಮಂದಿಯನ್ನು ಹೂಳಿತು. ಅವರಲ್ಲಿ ಮೂವರು ಕನ್ನಡನಾಡಿನವರು: ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೆಯ ದಿನ ಹನುಮಂತಪ್ಪನವರೊಬ್ಬರು ಜೀವಸಹಿತ ದೊರೆತರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರೂ ಅಸುನೀಗಿದರು.

ಹಿಮ ಕುಸಿಯುವ ಬಗೆಯನ್ನು ನಮ್ಮ ಊರಿನ ಹೋಲಿಕೆಯಿಂದಲೇ ತಿಳಿಯಬಹುದು. ಭತ್ತದ ರಾಶಿಯ ನೆತ್ತಿಯನ್ನು ತುಸು ಕೆದಕಿದರೆ ಕಾಳು ಒಂದೆಡೆಯಿಂದ ಹೊರಟು ಹರಡುತ್ತ ಇಳಿಯುತ್ತದೆ. ಸಡಿಲ ಹಿಮದ ಜಾರಿಕೆ ಅಂಥದು. ಹಳೆಯ ಗೋಡೆಯ ಗಾರೆ ಒಳಗೆ ಹಿಡಿತ ತಪ್ಪಿ ಹಾಳೆಯಾಗಿ ಒಮ್ಮೆಗೇ ಕಳಚಿಕೊಳ್ಳುವುದುಂಟು. ಪದರುಗಟ್ಟಿದ ಹಿಮ ಹಾಗೆ ಕಳಚುತ್ತದೆ. ಹೆಚ್ಚು ಅಪಾಯ ಇದರಲ್ಲಿಯೇ. ಕೆಳಗೊಂದು ದುರ್ಬಲ ಪದರ, ಮೇಲೊಂದು ಗಟ್ಟಿ ಹೊದಿಕೆ, 30ರಿಂದ 45 ಡಿಗ್ರಿಯ ಇಳಿಜಾರು. ಇಷ್ಟಿದ್ದರೆ ಒಬ್ಬನ ಹೆಜ್ಜೆಯ ಭಾರವೇ ಸಾಕಾದೀತು.

ವಸಂತದಲ್ಲಿ ಇದರ ಸ್ವಭಾವ ಬೇರೆ. ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಹಿಮ ಮುಂಜಾನೆ ಕಲ್ಲಿನಂತೆ ಕಾಲಿಗೆ ಆನಿಕೆ ಕೊಡುತ್ತದೆ. ಬಿಸಿಲೇರಿದಂತೆ ಕರಗಿದ ನೀರು ಒಳಗಿಳಿದು ಪದರಗಳ ಬೆಸುಗೆಯನ್ನು ಸಡಿಲಿಸುತ್ತದೆ. ಮಧ್ಯಾಹ್ನ ಅದೇ ದಾರಿ ಮೊಣಕಾಲುದ್ದ ಕುಸಿಯುವ ಕೆಸರು. ಆಗ ಜಾರುವ ಒದ್ದೆ ಹಿಮ ನಿಧಾನಿ. ಆದರೆ ಕಲಸಿದ ಕಾಂಕ್ರೀಟಿನಷ್ಟು ಭಾರ. ಆದುದರಿಂದಲೇ ಬಲ್ಲವರು ಕಡಿದಾದ ಇಳಿಜಾರನ್ನು ಬೆಳಗಿನಲ್ಲಿಯೇ, ಒಬ್ಬೊಬ್ಬರಾಗಿ ದಾಟುತ್ತಾರೆ. ರಾತ್ರಿ ಹಿಮ ಹೆಪ್ಪುಗಟ್ಟದಿದ್ದರೆ ಹಿಂದಿರುಗುತ್ತಾರೆ.

ಹೂತವನಿಗೆ ಕಾಲ ಬಹಳ ಕಡಮೆ. ನಿಂತ ಕೂಡಲೆ ಹಿಮ ಗಾರೆಯಂತೆ ಬಿಗಿಯುತ್ತದೆ. ಬಹುಮಂದಿ ಉಸಿರುಕಟ್ಟಿಯೇ ಸಾಯುತ್ತಾರೆ. ಮೊದಲ ಕಾಲು ಗಂಟೆಯೊಳಗೆ ಹೊರತೆಗೆದರೆ ಬದುಕುವ ಆಸೆ ಹೆಚ್ಚು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದು ಬಹುಬೇಗ ಕುಗ್ಗುತ್ತದೆ. ಜೊತೆಗಾರರ ಕೈಯಲ್ಲಿರುವ ಸಂಕೇತಯಂತ್ರ, ಶೋಧನೆಯ ಕೋಲು, ಸಲಿಕೆ, ಇವೇ ಆಗ ನಿಜವಾದ ನೆಂಟರು. ಹನುಮಂತಪ್ಪನವರು ಆರು ದಿನ ಉಳಿದುದು ಎಷ್ಟು ದೊಡ್ಡ ವಿಸ್ಮಯವೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಇಂದು ನಮ್ಮ ಹುಡುಗರು ಬೇಸಗೆಯ ರಜೆಯಲ್ಲಿ ಹಿಮಾಲಯದ ಚಾರಣಕ್ಕೆ ಹೊರಡುತ್ತಾರೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲದ ದಾರಿಯಲ್ಲಿ ಕರ್ನಾಟಕದಿಂದ ಹೋದ ತಂಡದ 9 ಮಂದಿ ಮಡಿದರು. ಅಲ್ಲಿ ಕೊಂದುದು ಕುಸಿತವಲ್ಲ, ಹಿಮಗಾಳಿ ಮತ್ತು ಚಳಿ. ಹಿಮ ಸುರಿಯುವುದು, ಹಿಮಗಾಳಿ, ಹಿಮಕುಸಿತ: ಮೂರಕ್ಕೆ ಮೂರು ಹೆಸರಿದ್ದರೆ ಹೊರಡುವವನು ಮೂರು ಬಗೆಯ ಎಚ್ಚರವನ್ನು ಕೇಳಿಯಾನು. ಹೆಸರಿಲ್ಲದ ಅಪಾಯಕ್ಕೆ ಯಾರು ಸಿದ್ಧರಾದಾರು?

ಅಷ್ಟರಲ್ಲಿ ಹಾಸನದ ಕಡೆಯ ರೈಲಿನ ಸದ್ದು ಕೇಳಿಸಿತು. ನಮ್ಮ ಈ ಹಾದಿ ಮೈಸೂರನ್ನೂ ಹಾಸನವನ್ನೂ ಕೂಡಿಸುವಂಥದು. ಮಹೇಶನ ಜಿಲ್ಲೆ ಒಂದು ತುದಿಗೆ, ನಾಗೇಶರ ಜಿಲ್ಲೆ ಇನ್ನೊಂದಕ್ಕೆ. ಹುಡುಗ ತನ್ನ ಪುಸ್ತಕದಲ್ಲಿ 'ಹಿಮಪಾತ' ಎಂದಿದ್ದುದನ್ನು ಹೊಡೆದು 'ಹಿಮಕುಸಿತ' ಎಂದು ಬರೆದುಕೊಂಡ.