ಮೂರು ದೇಶಗಳ ಗಡಿಯಲ್ಲಿ ಸೈಕಲ್ ಸವಾರಿ
ದ್ರಾಕ್ಷಿ ಚಪ್ಪರದ ನಾಡು ದಕ್ಷಿಣ ಟಿರೋಲ್

ವಿಶಾಲವಾದ ಸರೋವರ. ಅದರೊಳಗೆ ನೀರಿನಿಂದ ತಲೆಯೆತ್ತಿ ನಿಂತ ಒಂದು ಇಗರ್ಜಿಯ ಗಂಟೆಗೋಪುರ. ಇಗರ್ಜಿ ಇಲ್ಲ, ಅದರ ಸುತ್ತ ಇದ್ದ ಊರೂ ಇಲ್ಲ. ಗೋಪುರ ಮಾತ್ರ ಉಳಿದಿದೆ. ಇಟಲಿ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್ ದೇಶಗಳ ಗಡಿಗಳು ಕೂಡುವ ಜಾಗಕ್ಕೆ ಸಮೀಪದಲ್ಲಿರುವ ರೆಶೆನ್ ಘಾಟಿಯಲ್ಲಿ ಪ್ರವಾಸಿಗರನ್ನು ಮೊದಲು ಸ್ವಾಗತಿಸುವ ನೋಟ ಇದು. 14ನೇ ಶತಮಾನದ ಈ ಗೋಪುರ ಗ್ರೌನ್ ಎಂಬ ಹಳ್ಳಿಯದು. ಜಲವಿದ್ಯುತ್ ಯೋಜನೆಗಾಗಿ ಅಣೆಕಟ್ಟು ಕಟ್ಟಿ ಅಲ್ಲಿದ್ದ ಎರಡು ಸರೋವರಗಳನ್ನು ಒಂದಾಗಿಸಿದಾಗ, 1950ರಲ್ಲಿ ಆ ಹಳ್ಳಿ ಮುಳುಗಿತು. 163 ಮನೆಗಳು ನೆಲಸಮವಾದವು, 523 ಹೆಕ್ಟೇರ್ ಕೃಷಿಭೂಮಿ ನೀರಿನ ಪಾಲಾಯಿತು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಗೋಪುರದಿಂದ ಗಂಟೆಯ ಸದ್ದು ಕೇಳುತ್ತದೆ ಎಂದು ಅಲ್ಲಿನ ಜನ ಹೇಳುವುದುಂಟು. ಆದರೆ ಊರು ಮುಳುಗುವ ಮೊದಲೇ ಗಂಟೆಗಳನ್ನು ಇಳಿಸಿ ಒಯ್ಯಲಾಗಿತ್ತು.

ಶರಾವತಿ ಕಣಿವೆಯ ಸಂತ್ರಸ್ತರನ್ನೂ ಹಳೆ ಬಾಗಲಕೋಟೆಯನ್ನೂ ಕಂಡ ಕನ್ನಡಿಗರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ದಿನಗಳಲ್ಲಿ ಏಳು ದೇಶಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ಬರುವ ಯುರೋಪ್ ಪ್ರವಾಸ ಇಂದು ಮುಂಬಯಿ, ಪುಣೆಯ ನಮ್ಮವರಿಗೆ ಹೊಸತೇನಲ್ಲ. ಆದರೆ ಒಂದೇ ಕಣಿವೆಯಲ್ಲಿ ವಾರವಿಡೀ ಇದ್ದು, ಕಾಲ್ನಡಿಗೆಯಲ್ಲಿ, ಸೈಕಲಿನಲ್ಲಿ ಅದನ್ನು ಅರಿಯುವ ಪ್ರವಾಸದ ಸುಖವೇ ಬೇರೆ. ಅಂಥ ಪ್ರವಾಸಕ್ಕೆ ಹೇಳಿ ಮಾಡಿಸಿದ ಸ್ಥಳ ಇಟಲಿಯ ಉತ್ತರ ತುದಿಯಲ್ಲಿರುವ ದಕ್ಷಿಣ ಟಿರೋಲ್.

ಇಳಿಜಾರಿನ ದಾರಿ

ಸೈಕಲ್ ಎಂದೊಡನೆ ಐವತ್ತು ದಾಟಿದವರು ಹಿಂಜರಿಯುವುದು ಸಹಜ. ಇಲ್ಲಿ ಅದಕ್ಕೆ ಕಾರಣವಿಲ್ಲ. ರೆಶೆನ್ ಘಾಟಿ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಕಣಿವೆಯ ಕೆಳಗಿನ ಮೆರಾನೊ ಪಟ್ಟಣ ಇರುವುದು 325 ಮೀಟರ್ ಎತ್ತರದಲ್ಲಿ. ಇವೆರಡರ ನಡುವಿನ ಸುಮಾರು 80 ಕಿ.ಮೀ. ಸೈಕಲ್ ಹಾದಿ ಬಹುಪಾಲು ಇಳಿಜಾರು. ಮೆರಾನೊದಿಂದ ರಾಜಧಾನಿ ಬೊಲ್ಜಾನೊಗೆ ಮತ್ತೆ 30 ಕಿ.ಮೀ. ಸಮತಟ್ಟಾದ ದಾರಿ. ಹಾದಿಯುದ್ದಕ್ಕೂ ಜತೆಗೆ ಬರುವುದು ಆಡಿಜೆ ನದಿ. ರೆಶೆನ್ ಬಳಿ ಹುಟ್ಟಿ 410 ಕಿ.ಮೀ. ಹರಿದು ಆಡ್ರಿಯಾಟಿಕ್ ಸಮುದ್ರ ಸೇರುವ ಇದು ಇಟಲಿಯ ಎರಡನೆಯ ಅತಿ ಉದ್ದದ ನದಿ.

ಈ ದಾರಿ ಇಂದು ನಿನ್ನೆಯದಲ್ಲ. ರೋಮನ್ ಚಕ್ರವರ್ತಿ ಕ್ಲಾಡಿಯಸ್‌ನ ಕಾಲದಲ್ಲಿ, ಕ್ರಿ.ಶ. 47ರ ಸುಮಾರಿಗೆ ಪೂರ್ಣಗೊಂಡ 'ವಿಯಾ ಕ್ಲಾಡಿಯಾ ಆಗಸ್ಟಾ' ಹೆದ್ದಾರಿ ಆಲ್ಪ್ಸ್ ದಾಟುತ್ತಿದ್ದುದು ಇಲ್ಲಿಯೇ. ಜರ್ಮನಿಯ ಡ್ಯಾನ್ಯೂಬ್ ತೀರದಿಂದ ಇಟಲಿಯವರೆಗೆ ಅದೇ ಹೆಸರಿನ ಸೈಕಲ್ ಮಾರ್ಗ ಈಗ ಇದೆ. ಪೂರ್ತಿ ದಾರಿ ಕ್ರಮಿಸುವುದು ಸಾಹಸಿಗಳಿಗೆ ಬಿಟ್ಟದ್ದು. ಸಾಮಾನ್ಯರಿಗೆ ರೆಶೆನ್‌ನಿಂದ ಬೊಲ್ಜಾನೊವರೆಗಿನ ಭಾಗವೇ ಸಾಕು. ಅದನ್ನು ಮೂರು ನಾಲ್ಕು ದಿನಗಳಿಗೆ ಹಂಚಿಕೊಂಡರೆ ದಿನಕ್ಕೆ 30-35 ಕಿ.ಮೀ. ಮಾತ್ರ.

ದಣಿದವರಿಗೆ ರೈಲಿದೆ. ಮೆರಾನೊದಿಂದ ಮಾಲ್ಸ್‌ವರೆಗಿನ 60 ಕಿ.ಮೀ. ರೈಲುಮಾರ್ಗ 1906ರಲ್ಲಿ ಆರಂಭವಾಗಿ, ಮುಂದೆ ನಷ್ಟದ ಕಾರಣಕ್ಕೆ ನಿಂತುಹೋಗಿತ್ತು. ಸ್ಥಳೀಯ ಆಡಳಿತ ಅದನ್ನು ವಹಿಸಿಕೊಂಡು 2005ರಲ್ಲಿ ಮತ್ತೆ ಆರಂಭಿಸಿತು. ಬಾಡಿಗೆ ಸೈಕಲನ್ನು ಒಂದು ನಿಲ್ದಾಣದಲ್ಲಿ ಪಡೆದು ಇನ್ನೊಂದರಲ್ಲಿ ಒಪ್ಪಿಸುವ ವ್ಯವಸ್ಥೆಯೂ ಇದೆ. ಬ್ಯಾಟರಿಯ ಸೈಕಲ್‌ಗಳೂ ದೊರೆಯುತ್ತವೆ. ಈಚಿನ ವರ್ಷಗಳಲ್ಲಿ ಈ ಮಾರ್ಗದ ವಿದ್ಯುದೀಕರಣದ ಕಾಮಗಾರಿ ನಡೆದಿರುವುದರಿಂದ ಕೆಲವೊಮ್ಮೆ ರೈಲಿನ ಬದಲು ಬಸ್ಸು ಓಡುತ್ತದೆ. ಹೊರಡುವ ಮುನ್ನ ವೇಳಾಪಟ್ಟಿ ನೋಡಿಕೊಳ್ಳುವುದು ಒಳಿತು.

ದಾರಿಯಲ್ಲಿ ಸಿಗುವ ಗ್ಲೂರ್ನ್ಸ್ ಸುತ್ತಲೂ ಕೋಟೆಗೋಡೆ ಇರುವ ಪುಟ್ಟ ಪಟ್ಟಣ. ಜನಸಂಖ್ಯೆ ಸಾವಿರವನ್ನೂ ಮುಟ್ಟದು. ಆದರೂ ಅದು ಪಟ್ಟಣವೇ. ಅಲ್ಲಿಂದ ಬಲಕ್ಕೆ ತಿರುಗಿ ಸ್ವಲ್ಪ ಏರಿದರೆ ಸ್ವಿಟ್ಜರ್ಲೆಂಡಿನ ಮ್ಯೂಸ್ಟೆಯರ್ ಗ್ರಾಮ. ಅಲ್ಲಿನ ಸಂತ ಜಾನ್ ಕನ್ಯಾಮಠ 1983ರಿಂದ ವಿಶ್ವ ಪರಂಪರೆಯ ತಾಣ. ಬೆಳಗ್ಗೆ ಇಟಲಿಯಲ್ಲಿ ಉಪಾಹಾರ ಮುಗಿಸಿ, ಸ್ವಿಟ್ಜರ್ಲೆಂಡಿನಲ್ಲಿ ಮಠ ನೋಡಿ, ಮಧ್ಯಾಹ್ನದ ಊಟಕ್ಕೆ ಇಟಲಿಗೇ ಮರಳಬಹುದು.

ನೀರಿನ ಪಕ್ಕದ ಕಾಲುದಾರಿ

ಚಾರಣವೆಂದರೆ ಏದುಸಿರು ಬಿಡುತ್ತಾ ಬೆಟ್ಟ ಹತ್ತುವುದೇ ಆಗಬೇಕೆಂದಿಲ್ಲ. ಈ ಕಣಿವೆಯಲ್ಲಿ ಮಳೆ ಕಡಿಮೆ. ವರ್ಷಕ್ಕೆ ಸುಮಾರು 500 ಮಿ.ಮೀ. ಎಂದರೆ ನಮ್ಮ ಕರಾವಳಿಯಲ್ಲಿ ಆಷಾಢದ ಕೆಲವೇ ದಿನಗಳಲ್ಲಿ ಸುರಿಯುವಷ್ಟು. ಆದ್ದರಿಂದ ಅಲ್ಲಿನ ರೈತರು ಶತಮಾನಗಳ ಹಿಂದೆಯೇ ಹಿಮನದಿಗಳ ನೀರನ್ನು ಬೆಟ್ಟದ ಮಗ್ಗುಲಲ್ಲಿ ಸಣ್ಣ ಕಾಲುವೆಗಳ ಮೂಲಕ ಹೊಲಗಳಿಗೆ ತಂದರು. ಇವಕ್ಕೆ 'ವಾಲ್' ಎಂದು ಹೆಸರು. ಕಾಲುವೆಯ ಮೇಲ್ವಿಚಾರಕ ದಿನವೂ ಅದರ ಪಕ್ಕದಲ್ಲಿ ನಡೆದು ಕಸಕಡ್ಡಿ ತೆಗೆಯುತ್ತಿದ್ದ. ಅವನು ನಡೆದ ಜಾಡೇ ಇಂದು ಪ್ರವಾಸಿಗರ ಕಾಲುದಾರಿ. ನೀರು ಹರಿಯಲು ಬೇಕಾದಷ್ಟೇ ಇಳುಕಲು ಇರುವುದರಿಂದ ಹಿರಿಯರೂ ಮಕ್ಕಳೂ ಸಲೀಸಾಗಿ ನಡೆಯಬಹುದು.

ಈ ಕಾಲುವೆಗಳಲ್ಲಿ ಕೆಲವೆಡೆ ನೀರಿನ ಬಲದಿಂದ ತಿರುಗುವ ಸಣ್ಣ ಚಕ್ರವಿದೆ. ಅದು ತಿರುಗಿದಂತೆಲ್ಲ ಸುತ್ತಿಗೆಯೊಂದು ಗಂಟೆಯನ್ನು ಬಡಿಯುತ್ತದೆ. ಗಂಟೆ ಕೇಳುತ್ತಿದ್ದರೆ ನೀರು ಹರಿಯುತ್ತಿದೆ ಎಂದರ್ಥ. ಸದ್ದು ನಿಂತರೆ ಮೇಲೆಲ್ಲೋ ಕಾಲುವೆ ಕಟ್ಟಿದೆ ಅಥವಾ ಒಡೆದಿದೆ ಎಂದು ತಿಳಿದು ಮೇಲ್ವಿಚಾರಕ ಸಲಿಕೆ ಹಿಡಿದು ಓಡುತ್ತಿದ್ದ. ಹಳ್ಳಿಯ ಸರಳ ಬುದ್ಧಿವಂತಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಎತ್ತರದ ಚಾರಣ ಬಯಸುವವರಿಗೆ ಕೆಂಪು-ಬಿಳಿ ಪಟ್ಟಿ ಬಳಿದು ಸಂಖ್ಯೆ ಬರೆದ ದಾರಿಗಳಿವೆ. 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಡೋಲೊಮೈಟ್ ಪರ್ವತಗಳ ಒಂದು ಭಾಗ ಇಲ್ಲಿಯೇ ಇದೆ. ಆಮ್ಲಜನಕದ ಸಿಲಿಂಡರ್ ಇಲ್ಲದೆ ಎವರೆಸ್ಟ್ ಏರಿದ ರೈನ್‌ಹೋಲ್ಡ್ ಮೆಸ್ನರ್ ಇದೇ ನಾಡಿನವರು. ಬೊಲ್ಜಾನೊ ಬಳಿಯ ಹಳೆಯ ಕೋಟೆಯಲ್ಲಿ 2006ರಲ್ಲಿ ಆರಂಭವಾದ ಅವರ ಪರ್ವತ ಸಂಗ್ರಹಾಲಯ ನೋಡತಕ್ಕದ್ದು.

ಚಪ್ಪರದಡಿಯ ದ್ರಾಕ್ಷಿ

ಮೆರಾನೊದವರೆಗೆ ಸೇಬಿನ ತೋಟಗಳದೇ ರಾಜ್ಯಭಾರ. ಇಟಲಿಯ ಸೇಬಿನಲ್ಲಿ ಹತ್ತಿರ ಹತ್ತಿರ ಅರ್ಧ ಬೆಳೆಯುವುದು ಈ ಒಂದು ಜಿಲ್ಲೆಯಲ್ಲಿ. ಬೊಲ್ಜಾನೊ ದಾಟಿದರೆ ದ್ರಾಕ್ಷಿ. ಅಲ್ಲಿಂದ ಕಾಲ್ಟರ್ನ್‌ಗೆ ಹೋಗುವ ಸೈಕಲ್ ಹಾದಿ 1898ರಲ್ಲಿ ಆರಂಭವಾಗಿ 1971ರಲ್ಲಿ ಪೂರ್ತಿ ನಿಂತುಹೋದ ರೈಲಿನ ಹಳಿಗಳಿದ್ದ ಜಾಗ. ರೈಲು ಹೋಯಿತು, ದಾರಿ ಉಳಿಯಿತು. ಇಕ್ಕೆಲದಲ್ಲೂ ಮರದ ಹಂದರದ ಮೇಲೆ ಹಬ್ಬಿಸಿದ ಬಳ್ಳಿಗಳು. ನಮ್ಮ ಹಿತ್ತಿಲಿನ ಹೀರೆ, ಪಡುವಲದ ಚಪ್ಪರವನ್ನೇ ಬೆಟ್ಟದ ತುಂಬ ಹಾಸಿದಂತೆ. 'ವೈನ್ ರಸ್ತೆ' ಎಂದು 1964ರಲ್ಲಿ ಗುರುತಿಸಲಾದ ದಾರಿ ಇಲ್ಲಿ ಹಾದುಹೋಗುತ್ತದೆ. ಗೆವುರ್ಟ್ಸ್‌ಟ್ರಾಮಿನರ್ ಎಂಬ ಪ್ರಸಿದ್ಧ ದ್ರಾಕ್ಷಿತಳಿಗೆ ಹೆಸರು ಕೊಟ್ಟದ್ದು ಇಲ್ಲಿನ ಟ್ರಾಮಿನ್ ಗ್ರಾಮ.

ಗಮನಿಸಬೇಕಾದ ಅಂಶವೆಂದರೆ, ಇಲ್ಲಿನ ಹೆಚ್ಚಿನ ವೈನ್ ತಯಾರಾಗುವುದು ರೈತರ ಸಹಕಾರಿ ಸಂಘಗಳಲ್ಲಿ. ಒಂದು ಎರಡು ಎಕರೆಯ ಸಣ್ಣ ಹಿಡುವಳಿದಾರರು ತಮ್ಮ ದ್ರಾಕ್ಷಿಯನ್ನು ಒಂದೇ ನೆಲಮಾಳಿಗೆಗೆ ತಂದು ಸುರಿಯುತ್ತಾರೆ. ಸಹಕಾರಿ ಬ್ಯಾಂಕು, ಸೊಸೈಟಿಗಳ ಬಲದಿಂದ ಪರವೂರಿನಲ್ಲಿ ಕಾಲೂರಿದ ನಮ್ಮವರಿಗೆ ಇದರ ಮಹತ್ವ ಸುಲಭವಾಗಿ ಅರ್ಥವಾದೀತು. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಹೋದವರಿಗೆ ರೈತರ ಮನೆಗಳಲ್ಲಿ ಹೊಸ ವೈನ್ ಜತೆ ಸುಟ್ಟ ಚೆಸ್ಟ್‌ನಟ್ ಸವಿಯುವ 'ಟ್ಯೋರ್ಗೆಲನ್' ಎಂಬ ಸುಗ್ಗಿಯ ಕೂಟವೂ ಸಿಗುತ್ತದೆ. ಆದರೆ ಒಂದು ಎಚ್ಚರಿಕೆ: ಕುಡಿದು ವಾಹನ ಓಡಿಸಬಾರದೆಂಬ ಇಟಲಿಯ ಕಾನೂನು ಸೈಕಲ್ ಸವಾರರಿಗೂ ಅನ್ವಯಿಸುತ್ತದೆ. ರುಚಿ ನೋಡುವುದು ಸವಾರಿ ಮುಗಿಸಿದ ಮೇಲೆಯೇ ಆಗಲಿ.

ಭಾಷೆ ಉಳಿದ ಬಗೆ

ಈ ನಾಡಿನಲ್ಲಿ ನಮ್ಮಂಥ ವಲಸಿಗರನ್ನು ಹಿಡಿದು ನಿಲ್ಲಿಸುವುದು ಬೆಟ್ಟವೂ ಅಲ್ಲ, ದ್ರಾಕ್ಷಿಯೂ ಅಲ್ಲ, ಅಲ್ಲಿನ ನಾಮಫಲಕಗಳು. ಪ್ರತಿ ಊರಿಗೂ ಎರಡು ಹೆಸರು. ಬೋಟ್ಸೆನ್ ಎಂದರೆ ಬೊಲ್ಜಾನೊ, ಮೆರಾನ್ ಎಂದರೆ ಮೆರಾನೊ, ಗ್ರೌನ್ ಎಂದರೆ ಕುರೋನ್. ಮೊದಲನೆಯದು ಜರ್ಮನ್, ಎರಡನೆಯದು ಇಟಾಲಿಯನ್. ಕೆಲವು ಕಣಿವೆಗಳಲ್ಲಿ ಮೂರನೆಯ ಹೆಸರೂ ಇದೆ. ಅದು ಅಲ್ಪಸಂಖ್ಯಾತರ ಲ್ಯಾಡಿನ್ ಭಾಷೆಯದು.

ಇದರ ಹಿಂದೆ ನೋವಿನ ಇತಿಹಾಸವಿದೆ. ಆಸ್ಟ್ರಿಯಾದ ಭಾಗವಾಗಿದ್ದ ಈ ಪ್ರದೇಶ ಮೊದಲ ಮಹಾಯುದ್ಧದ ಬಳಿಕ, 1919ರ ಒಪ್ಪಂದದಂತೆ ಇಟಲಿಗೆ ಸೇರಿತು. ಜನ ಮಾತ್ರ ಬಹುತೇಕ ಜರ್ಮನ್ ಭಾಷಿಕರು. ಮುಸೊಲಿನಿಯ ಫ್ಯಾಸಿಸ್ಟ್ ಆಡಳಿತ ಊರುಗಳ ಹೆಸರು ಬದಲಿಸಿತು, ಜರ್ಮನ್ ಶಾಲೆಗಳನ್ನು ಮುಚ್ಚಿಸಿತು. ಆಗ ಹಳ್ಳಿಯ ಶಿಕ್ಷಕಿಯರು ರೈತರ ಮನೆಯ ಅಟ್ಟ, ನೆಲಮಾಳಿಗೆಗಳಲ್ಲಿ ಕದ್ದುಮುಚ್ಚಿ ಮಕ್ಕಳಿಗೆ ತಾಯ್ನುಡಿಯ ಅಕ್ಷರ ಕಲಿಸಿದರು. ಸಿಕ್ಕಿಬಿದ್ದವರಿಗೆ ದಂಡ, ಸೆರೆವಾಸ. 1939ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಸೇರಿ ಜನರ ಮುಂದಿಟ್ಟ ಆಯ್ಕೆ ಇನ್ನೂ ಕ್ರೂರವಾದದ್ದು: ಭಾಷೆ ಬೇಕಿದ್ದರೆ ಊರು ಬಿಟ್ಟು ಜರ್ಮನಿಗೆ ಹೋಗಿ, ಊರು ಬೇಕಿದ್ದರೆ ಭಾಷೆ ಬಿಟ್ಟು ಇಟಾಲಿಯನ್ನರಾಗಿ. ಹೆಚ್ಚಿನವರು ಹೋಗುತ್ತೇವೆ ಎಂದರು; ಸುಮಾರು 75,000 ಮಂದಿ ಹೋಗಿಯೂ ಹೋದರು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆಯಾದರು.

ಯುದ್ಧ ಮುಗಿದ ಮೇಲೆ 1946ರಲ್ಲಿ ಪ್ಯಾರಿಸ್‌ನಲ್ಲಿ ಆಸ್ಟ್ರಿಯಾ ಮತ್ತು ಇಟಲಿ ಒಪ್ಪಂದ ಮಾಡಿಕೊಂಡವು. ಅದು ಸರಿಯಾಗಿ ಜಾರಿಯಾಗಲಿಲ್ಲವೆಂದು ಚಳವಳಿಗಳು ನಡೆದವು, 1961ರಲ್ಲಿ ವಿದ್ಯುತ್ ಕಂಬಗಳಿಗೆ ಬಾಂಬಿಟ್ಟ ಪ್ರಕರಣಗಳೂ ನಡೆದವು. ವಿಷಯ ವಿಶ್ವಸಂಸ್ಥೆಯ ಮೆಟ್ಟಲೇರಿತು. ಕೊನೆಗೆ 1972ರಲ್ಲಿ ವಿಸ್ತೃತ ಸ್ವಾಯತ್ತತೆ ದೊರೆತು, 1992ರಲ್ಲಿ ಉಭಯ ದೇಶಗಳು ವಿವಾದ ಮುಗಿಯಿತೆಂದು ಘೋಷಿಸಿದವು. ಇಂದು ಮಕ್ಕಳು ತಾಯ್ನುಡಿಯಲ್ಲಿ ಕಲಿಯುತ್ತಾರೆ, ಇನ್ನೊಂದು ಭಾಷೆಯನ್ನೂ ಕಡ್ಡಾಯವಾಗಿ ಕಲಿಯುತ್ತಾರೆ. ಸರಕಾರಿ ನೌಕರಿಗೆ ಎರಡೂ ಭಾಷೆ ಬರಲೇಬೇಕು. ಎಲ್ಲವೂ ಸುಸೂತ್ರವೆಂದಲ್ಲ, ಭಾಷಾವಾರು ಶಾಲೆಗಳಿಂದ ಮಕ್ಕಳು ಬೇರೆ ಬೇರೆಯಾಗಿಯೇ ಬೆಳೆಯುತ್ತಾರೆಂಬ ಕೊರಗು ಇದೆ. ಆದರೂ ಬಾಂಬು ಸಿಡಿದ ಕಣಿವೆಯಲ್ಲಿ ಇಂದು ಗಡಿ ದಾಟುವ ಸೈಕಲಿಗರ ಗಂಟೆ ಕೇಳುತ್ತಿರುವುದು ಸಣ್ಣ ಸಾಧನೆಯೇನಲ್ಲ.

ಗಡಿಯ ತಮಾಷೆಗೂ ಇಲ್ಲಿ ಉದಾಹರಣೆಯಿದೆ. 1991ರ ಸೆಪ್ಟೆಂಬರಿನಲ್ಲಿ 3,210 ಮೀಟರ್ ಎತ್ತರದ ಹಿಮದಲ್ಲಿ ಚಾರಣಿಗ ದಂಪತಿಗೆ ಒಂದು ಶವ ಕಂಡಿತು. ಆಸ್ಟ್ರಿಯಾದವರು ಅದನ್ನು ಇನ್ಸ್‌ಬ್ರುಕ್‌ಗೆ ಒಯ್ದರು. ಅದು ಸುಮಾರು 5,300 ವರ್ಷ ಹಳೆಯ ಮಾನವನದೆಂದು ತಿಳಿದಾಗ ಗಡಿಯನ್ನು ಅಳೆಯಲಾಯಿತು. ಶವ ಇದ್ದದ್ದು ಇಟಲಿಯ ಒಳಗೆ, ಬರೇ 92 ಮೀಟರ್ ಅಂತರದಲ್ಲಿ. 'ಓಟ್ಸಿ' ಎಂಬ ಅಡ್ಡಹೆಸರಿನ ಆತ 1998ರಿಂದ ಬೊಲ್ಜಾನೊದ ಸಂಗ್ರಹಾಲಯದ ಶೀತಲ ಕೋಣೆಯಲ್ಲಿದ್ದಾನೆ. ಆತ ಬದುಕಿದ್ದಾಗ ಇಟಲಿಯೂ ಇರಲಿಲ್ಲ, ಆಸ್ಟ್ರಿಯಾವೂ ಇರಲಿಲ್ಲ.

ಹೊರಡುವವರ ಗಮನಕ್ಕೆ

ಮಕ್ಕಳು ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಹೆತ್ತವರಿಗೆ ಇದು ಅನುಕೂಲದ ಪ್ರವಾಸ. ಮ್ಯೂನಿಕ್‌ನಿಂದ ಬ್ರೆನ್ನರ್ ಘಾಟಿಯ ಮೂಲಕ ರೈಲಿನಲ್ಲಿ ಬೊಲ್ಜಾನೊ ತಲುಪಲು ಸುಮಾರು ನಾಲ್ಕು ಗಂಟೆ ಸಾಕು. ಮೂರೂ ದೇಶಗಳಿಗೆ ಒಂದೇ ಶೆಂಗೆನ್ ವೀಸಾ ನಡೆಯುತ್ತದೆ. ಹೆಚ್ಚು ದಿನ ತಂಗುವ ದೇಶದ ಮೂಲಕ ಅರ್ಜಿ ಸಲ್ಲಿಸಬೇಕು. ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಗಡಿಯಲ್ಲಿ ಆಗಾಗ ತಪಾಸಣೆ ಇರುವುದರಿಂದ ಪಾಸ್‌ಪೋರ್ಟ್ ಜತೆಗಿರಲಿ.

ಸೈಕಲಿಗೆ ಮೇ ತಿಂಗಳಿನಿಂದ ಅಕ್ಟೋಬರ್ ಆರಂಭದವರೆಗಿನ ಅವಧಿ ಉತ್ತಮ. ಆಗಸ್ಟ್ ತಿಂಗಳಲ್ಲಿ ಜನಜಂಗುಳಿ. ಪ್ರವಾಸಿಗರ ದಟ್ಟಣೆಯಿಂದ ಸ್ಥಳೀಯರೇ ಬೇಸತ್ತು, 2022ರಲ್ಲಿ ಅಲ್ಲಿನ ಆಡಳಿತ ವಸತಿಗೃಹಗಳ ಹಾಸಿಗೆಗಳ ಸಂಖ್ಯೆಗೇ ಮಿತಿ ಹಾಕಿದೆ. ಆದ್ದರಿಂದ ಕೋಣೆಗಳನ್ನು ಮುಂಗಡವಾಗಿ ಕಾದಿರಿಸಬೇಕು. ಬೊಲ್ಜಾನೊದಿಂದ ದಕ್ಷಿಣಕ್ಕೆ ಸಾಗುವವರು ಬೆಳಗ್ಗೆಯೇ ಹೊರಡಲಿ. ಮಧ್ಯಾಹ್ನದ ಮೇಲೆ 'ಓರಾ' ಎಂಬ ಎದುರುಗಾಳಿ ಬೀಸುತ್ತದೆ. ಸಸ್ಯಾಹಾರಿಗಳು ಪಾಲಕ್ ಮತ್ತು ಚೀಸ್ ತುಂಬಿದ 'ಶ್ಲುಟ್ಸ್‌ಕ್ರಾಪ್‌ಫೆನ್' ಎಂಬ ಕಡುಬು, ಸೇಬಿನ 'ಸ್ಟ್ರೂಡೆಲ್' ಧಾರಾಳವಾಗಿ ತಿನ್ನಬಹುದು. 'ಸ್ಪೆಕ್' ಎಂದರೆ ಹಂದಿ ಮಾಂಸ, ಅದನ್ನು ಕೇಳಿ ತಿಳಿದುಕೊಳ್ಳಬೇಕು. ತುರ್ತು ಕರೆಗೆ ಎಲ್ಲೆಡೆ 112.

ಮನೆಯಲ್ಲಿ ತುಳು ಅಥವಾ ಕನ್ನಡ, ಬಾಗಿಲು ದಾಟಿದರೆ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್ ಮಾತಾಡಿ ಬದುಕುವ ನಮಗೆ ಬಹುಭಾಷೆಯ ನಾಡು ಅಪರಿಚಿತವೇನೂ ಅಲ್ಲ. ನಮ್ಮ ಕನ್ನಡ ಶಾಲೆಗಳನ್ನು ಯಾರೂ ಕಾನೂನು ಮಾಡಿ ಮುಚ್ಚಿಸುತ್ತಿಲ್ಲ. ಮಕ್ಕಳನ್ನು ಕಳುಹಿಸದೆ ನಾವೇ ಬರಿದು ಮಾಡುತ್ತಿದ್ದೇವೆ. ನಿಷೇಧವಿದ್ದಾಗಲೂ ಅಟ್ಟದ ಮೇಲೆ ಕೂತು ಅಕ್ಷರ ಕಲಿತವರ ಊರಿನಲ್ಲಿ, ಎರಡು ಹೆಸರಿನ ಫಲಕದ ಕೆಳಗೆ ಸೈಕಲ್ ನಿಲ್ಲಿಸಿದಾಗ ಈ ಮಾತು ನೆನಪಾದರೆ ಪ್ರವಾಸಕ್ಕೆ ಹಾಕಿದ ಖರ್ಚು ಸಾರ್ಥಕ.