ಮನೆಯ ಸಾಬೂನು ಏಕೆ ಗಟ್ಟಿಯಾಗದು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಗಳಲ್ಲಿ ಹೊಂಗೆಯೂ ಉಂಟು, ತೆಂಗೂ ಉಂಟು. ಎರಡರ ಎಣ್ಣೆಯಿಂದಲೂ ಸಾಬೂನು ಮಾಡಬಹುದು. ಹೊಂಗೆ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಹೆಚ್ಚು. ಅದರ ಸಾಬೂನು ಮೆದು. ತೆಂಗಿನೆಣ್ಣೆಯಲ್ಲಿ ಲಾರಿಕ್ ಆಮ್ಲ ಹೆಚ್ಚು. ಅದರ ಸಾಬೂನು ಗಟ್ಟಿ. ಆದ್ದರಿಂದ ಎರಡನ್ನೂ ಬೆರೆಸುವುದು ಲೇಸು.

ನೀರು ಹೆಚ್ಚಾಗಿ ಮೆದುವಾಗಿದ್ದರೆ 4ರಿಂದ 6 ವಾರ ನೆರಳಿನಲ್ಲಿ ಗಾಳಿಗೆ ಒಣಗಿಸಿ. ಕಾಸ್ಟಿಕ್ ಸೋಡಾ ಬದಲು ಕಾಸ್ಟಿಕ್ ಪೊಟ್ಯಾಷ್ ಬಳಸಿದ್ದರೆ ಒಣಗಿಸಿಯೂ ಫಲವಿಲ್ಲ. ಮುಚ್ಚದೆ ಇಟ್ಟ ಸೋಡಾ ಗಾಳಿಯ ತೇವ ಹೀರಿ ಶಕ್ತಿಗುಂದುತ್ತದೆ. ಆಗ ಎಣ್ಣೆ ಉಳಿದು ಸಾಬೂನು ಜಿಡ್ಡಾಗುತ್ತದೆ.

ಹಾಗೆಂದು ಅಂದಾಜಿನಲ್ಲಿ ಸೋಡಾ ಹೆಚ್ಚಿಸಬಾರದು. ಮಿಕ್ಕ ಸೋಡಾ ಚರ್ಮವನ್ನು ಸುಡುತ್ತದೆ. 100 ಗ್ರಾಂ ತೆಂಗಿನೆಣ್ಣೆಗೆ ಸುಮಾರು 18 ಗ್ರಾಂ, ಹೊಂಗೆ ಎಣ್ಣೆಗೆ ಸುಮಾರು 13 ಗ್ರಾಂ ಸಾಕು. ಹಿರಿಯರ ಎದುರಿನಲ್ಲಿ, ತೂಗಿಯೇ ಹಾಕಿ.